ಹಸಿರು ಉದ್ಯೋಗ ಎಂಬ ಹೆಸರಿದ್ದರೆ ಸಾಕೇ? ಕೆಲಸದ ಜಾಗದಲ್ಲಿ ಏನೇನು ನೋಡಬೇಕು?

ಪ್ರಶ್ನೆ:
ಕಾರ್ಮಿಕ ಸಂಘದಿಂದ ಸೋಲಾರ್ ಅಳವಡಿಕೆ, ಕಸ ವಿಂಗಡಣೆ, ಬಯೋಗ್ಯಾಸ್ ಈ ಮೂರೂ ಕಡೆ ತಪಾಸಣೆಗೆ ಹೊರಟಿದ್ದೇವೆ. ಸಂಬಳದ ಚೀಟಿ, ರಜೆ, ವಿಮೆ ನೋಡುವುದು ಗೊತ್ತು. ಸುರಕ್ಷತೆಯಲ್ಲಿ ಎಲ್ಲಿಂದ ಶುರು ಮಾಡಬೇಕು? ಹೆಲ್ಮೆಟ್, ಗ್ಲೌಸ್ ಎಣಿಸಿಕೊಂಡು ಬರುವುದರಲ್ಲಿ ಅರ್ಥವಿಲ್ಲ ಅನ್ನಿಸುತ್ತಿದೆ.

ಉತ್ತರ 1:
ಮಾತುಕತೆಗೆ ಕೂರುವಾಗ ಎರಡು ವಿಷಯ ಕೈಯಲ್ಲಿರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಹಸಿರು ಉದ್ಯೋಗ ಘನತೆಯ ಉದ್ಯೋಗವೂ ಆಗಿರಲೇಬೇಕು. 2022ರ ಜೂನ್‌ನಲ್ಲಿ ಅದೇ ಸಂಸ್ಥೆ ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು.

ಇನ್ನು ಸೋಲಾರ್. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ ಕಡೆಯ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ದೊಡ್ಡ ಸ್ಥಾವರಗಳಲ್ಲಿ 1500 ವೋಲ್ಟ್‌ವರೆಗೂ. ಕರೆಂಟ್ ಹರಿಯುವಾಗ ಕನೆಕ್ಟರ್ ಎಳೆದರೆ ಹೊತ್ತಿಕೊಂಡ ಕಿಡಿ ಸುಲಭವಾಗಿ ಆರುವುದಿಲ್ಲ, ಏಕೆಂದರೆ ಪ್ಯಾನೆಲ್‌ನಿಂದ ಬರುವ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ಕರೆಂಟು ಮನೆಗೆ ಬರುವ ಎಸಿಯ ಹಾಗೆ ಮತ್ತೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. ಆದ್ದರಿಂದ ಇನ್ವರ್ಟರ್ ನಿಲ್ಲಿಸಿ, ಡಿಸಿ ಐಸೋಲೇಟರ್ (ಪ್ಯಾನೆಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿ, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕನೆಕ್ಟರ್ ಮುಟ್ಟಬೇಕು. ಆ ಮೀಟರ್ ಕೈಗೆತ್ತಿಕೊಂಡು ನೋಡಿ: ಎಸಿ ಮಾತ್ರ ಅಳೆಯುವ ಮೀಟರಾದರೆ ಡಿಸಿ ಹರಿಯುತ್ತಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ. ಎತ್ತರದಿಂದ ಬೀಳದಂತೆ ಮೈಗೆ ಕಟ್ಟುವ ಬೆಲ್ಟ್, ಅಂದರೆ ಹಾರ್ನೆಸ್ ವಿಷಯದಲ್ಲೂ ಅಷ್ಟೇ. ಬೆಲ್ಟ್ ಎಷ್ಟಿದೆ ಎಂದು ಎಣಿಸಬೇಡಿ, ಕೊಕ್ಕೆ ಯಾವುದಕ್ಕೆ ಸಿಕ್ಕಿಸುತ್ತಾರೆ ಎಂದು ತೋರಿಸಲು ಹೇಳಿ. ಪ್ಯಾನೆಲ್ ಕೂರಿಸುವ ಅಲ್ಯೂಮಿನಿಯಂ ಪಟ್ಟಿಗೆ ಸಿಕ್ಕಿಸುತ್ತಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಬೀಳುವ ಮನುಷ್ಯನ ಹೊಡೆತ ತಡೆಯಲೆಂದು ಆ ಪಟ್ಟಿಯನ್ನು ಮಾಡಿರುವುದಿಲ್ಲ.

ಉತ್ತರ 2:
ಮೂರರಲ್ಲಿ ಬಯೋಗ್ಯಾಸ್‌ಗೆ ಹೆಚ್ಚು ಸಮಯ ಕೊಡಿ. ಅಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಎರಡನೇ ಅವಕಾಶ ಸಿಗುವುದಿಲ್ಲ. ಗುಂಡಿಯ ಸಗಣಿ ರಾಡಿಯನ್ನು ಕದಡಿದ ಕೂಡಲೇ ಅದರಲ್ಲಿ ಸಿಕ್ಕಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗ್ಯಾಸ್ ಒಮ್ಮೆಲೇ ಎದ್ದುಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊತ್ತಾಗುತ್ತದಲ್ಲ ಎಂದು ನಂಬಿಕೊಂಡವರೇ ಹೆಚ್ಚು. ಆದರೆ ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ದಾಟಿದರೆ ಮೂಗಿಗೆ ಆ ವಾಸನೆಯೇ ಹತ್ತುವುದಿಲ್ಲ. ವಾಸನೆ ಹೋಯಿತು, ಗ್ಯಾಸೂ ಹೋಯಿತು ಅಂದುಕೊಂಡು ಇಳಿದುಬಿಡುತ್ತಾರೆ.

ಇಳಿಯುವ ಮುಂಚೆ ಗ್ಯಾಸ್ ಮೀಟರ್‌ನಲ್ಲಿ ಅಳೆಯುವಾಗ ಮೊದಲು ಆಮ್ಲಜನಕ (19.5%ಕ್ಕಿಂತ ಕಡಿಮೆ ಇದ್ದರೆ ಇಳಿಯುವ ಮಾತೇ ಇಲ್ಲ), ಆಮೇಲೆ ಹೊತ್ತಿಕೊಳ್ಳುವ ಗ್ಯಾಸ್ (ಮೀಥೇನ್), ಕೊನೆಗೆ ವಿಷಗ್ಯಾಸ್. ಈ ಕ್ರಮಕ್ಕೆ ಕಾರಣವಿದೆ: ಆಮ್ಲಜನಕ ಸಾಲದಿದ್ದರೆ ಸಾಮಾನ್ಯ ಮೀಟರಿನ ಮೀಥೇನ್ ಸೆನ್ಸರ್ ಸರಿಯಾದ ಅಂಕಿ ತೋರಿಸುವುದಿಲ್ಲ. ಕೊಳವೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ.

ಒಬ್ಬ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. ಹಾಗಾಗಿ ಗುಂಡಿಯ ಬಾಯಿಯ ಮೇಲೆ ಮುಕ್ಕಾಲಿ, ರಾಟೆ, ಇಳಿದವನ ಮೈಗೆ ಕಟ್ಟಿದ ಹಗ್ಗ ಇವಿಲ್ಲದೆ ಇಳಿಯಲು ಬಿಡಬೇಡಿ. ಹೊರಗೆ ನಿಂತವನಿಗೆ ಬೇರೆ ಯಾವ ಕೆಲಸವೂ ಇರಬಾರದು.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಕಸ ವಿಂಗಡಣೆಯ ಬಗ್ಗೆಯೂ ಯಾರಾದರೂ ಹೇಳಿ.

ಉತ್ತರ 3:
ಅಲ್ಲಿ ಮೊದಲು ಕೂಲಿಯ ಲೆಕ್ಕ ಕೇಳಿ. ಕಿಲೋ ಲೆಕ್ಕದಲ್ಲಿ ಕೂಲಿಯಾದರೆ ದಪ್ಪ ಗ್ಲೌಸ್ ಹಾಕಿದವರ ಕೈ ನಿಧಾನವಾಗುತ್ತದೆ, ಅವತ್ತಿನ ಕೂಲಿ ಇಳಿಯುತ್ತದೆ, ಗ್ಲೌಸ್ ಬಿಚ್ಚಿಡುತ್ತಾರೆ. ಇದನ್ನು ಕೆಲಸಗಾರರ ಅಸಡ್ಡೆ ಎಂದು ಬರೆದುಕೊಂಡರೆ ತಪ್ಪು, ದಿನಗೂಲಿ ನಿಗದಿಯಾಗದೆ ಇದು ಸರಿಹೋಗುವುದಿಲ್ಲ.

ಗಾಜು ಕೊಯ್ಯದಂತೆ ತಡೆಯುವ ಗ್ಲೌಸ್ ಇಂಜೆಕ್ಷನ್ ಸೂಜಿಯನ್ನು ತಡೆಯುತ್ತದೆ ಎಂದೇನಿಲ್ಲ. ಚುಚ್ಚು ತಡೆಯುವ ಗುಣವನ್ನು ಬೇರೆಯಾಗಿ ಕೇಳಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ, ಸೂಜಿ ಚುಚ್ಚಿದರೆ ಅವತ್ತೇ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಖರ್ಚು ಯಾರದು, ಮೂರನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಲಿಥಿಯಂ ಬ್ಯಾಟರಿಗೆ ಬೇರೆ ಡಬ್ಬ ಇರಲಿ. ಕಸ ಅದುಮುವ ಯಂತ್ರದಲ್ಲಿ ಅದು ಜಜ್ಜಿದರೆ ಬೆಂಕಿ ಹತ್ತುತ್ತದೆ. ತಾಮ್ರಕ್ಕಾಗಿ ವೈರ್ ಸುಟ್ಟ ಕಪ್ಪು ಗುರುತು ಹಿತ್ತಲಲ್ಲಿ ಕಂಡರೆ ಫೋಟೊ ತೆಗೆದುಕೊಳ್ಳಿ, ವೈರಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ.

ಮತ್ತೆ ಕಸ ಸಾಗಿಸುವ ಬೆಲ್ಟನ್ನು ತುರ್ತಾಗಿ ನಿಲ್ಲಿಸುವ ಹಗ್ಗ. ಸಾಲಿನ ಕೊನೆಯಲ್ಲಿ ನಿಂತವರು ಇದ್ದ ಜಾಗದಿಂದಲೇ ಎಳೆದು ತೋರಿಸಲಿ.