ವ್ಯಾಯಾಮವು ಸ್ನಾಯುವನ್ನು ‘ದುಡಿಸುತ್ತದೆ’ ಎನ್ನಬಹುದೇ? ಸ್ನಾಯುಗಳ ಹೆಸರು ಮತ್ತು ಕೆಲಸದ ಮಾತುಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಭಾರ ಎತ್ತುವ ವ್ಯಾಯಾಮಗಳನ್ನು ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಯಾವ ವ್ಯಾಯಾಮದಲ್ಲಿ ಯಾವ ಸ್ನಾಯುವಿಗೆ ಕೆಲಸ ಬೀಳುತ್ತದೆ ಎಂಬುದನ್ನು ತಿಳಿಸುವುದೇ ಅದರ ಉದ್ದೇಶ. ವ್ಯಾಯಾಮಗಳ ಹೆಸರುಗಳಲ್ಲಿ ಹೆಚ್ಚಿನ ತೊಡಕಾಗಲಿಲ್ಲ. ಬೆಂಚ್ ಪ್ರೆಸ್ (ಅಂಗಾತ ಮಲಗಿ ಎದೆಯ ಮೇಲಿಂದ ಭಾರ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಮುಂತಾದವು ಕಲಿಯುವವರ ಬಾಯಲ್ಲಿ ಇರುವಂತೆಯೇ ಇರಲಿ ಎಂದು ಬಿಟ್ಟಿದ್ದೇನೆ, ಬಸ್ಕಿಯನ್ನು ಬಸ್ಕಿ ಎಂದೇ ಬರೆದಿದ್ದೇನೆ. ತೊಡಕು ಬಂದಿರುವುದು ಸ್ನಾಯುಗಳ ಹೆಸರಿನಲ್ಲಿ ಮತ್ತು ಅದಕ್ಕಿಂತ ಹೆಚ್ಚಾಗಿ ಸ್ನಾಯು ಮಾಡುವ ಕೆಲಸವನ್ನು ಹೇಳುವ ಕ್ರಿಯಾಪದಗಳಲ್ಲಿ.

‘ಸ್ನಾಯು’ ಎಂಬ ಪದವೇ ಅಷ್ಟು ಸರಳವಾದುದಲ್ಲ. ಸಂಸ್ಕೃತದಲ್ಲಿ ಅದು ಮೂಳೆ ಕೀಲುಗಳನ್ನು ಬಿಗಿಯುವ ನಾರಿನಂಥ ಕಟ್ಟನ್ನು ಹೇಳುತ್ತದೆ, ಮಾಂಸದ ಭಾಗಕ್ಕೆ ಅಲ್ಲಿ ‘ಪೇಶಿ’ ಎಂಬ ಬೇರೆ ಮಾತಿದೆ. ಬಂಗಾಳಿಯಲ್ಲಿ ಅದೇ ಸ್ನಾಯು ನರವಾಗಿದೆ. ಕನ್ನಡದ ಪಠ್ಯಪುಸ್ತಕಗಳು ಅದನ್ನು ಕುಗ್ಗಿ ಎಳೆಯುವ ಮಾಂಸಕ್ಕೆ ನಿಲ್ಲಿಸಿ, ಅದನ್ನು ಮೂಳೆಗೆ ಸೇರಿಸುವ ಹುರಿಗೆ ‘ಸ್ನಾಯುರಜ್ಜು’ ಎಂದಿವೆ. ಈ ಬಳಕೆ ನೆಲೆಗೊಂಡಿರುವುದರಿಂದ ಅದನ್ನು ಕದಲಿಸುವ ಆಸೆ ನನಗಿಲ್ಲ. ಆದರೆ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಮಾತು ಮೂರು ನಾಲ್ಕು ಕಡೆ ಓಡಾಡುತ್ತದೆ. ಸ್ನಾಯು ಸೆಟೆದುಕೊಂಡರೆ ‘ನರ ಹಿಡಿದುಕೊಂಡಿದೆ’ ಎನ್ನುತ್ತಾರೆ, ತೋಳಿನಲ್ಲಿ ರಕ್ತನಾಳ ಉಬ್ಬಿದರೆ ‘ನರ ಎದ್ದಿದೆ’ ಎನ್ನುತ್ತಾರೆ. ಹೀಗಾಗಿ ನೋವು ಎಲ್ಲಿ ಎಂದು ಕೇಳಿದಾಗ ಬರುವ ಉತ್ತರದಿಂದ ನೊಂದಿರುವುದು ಯಾವುದು ಎಂಬುದು ತಿಳಿಯುವುದಿಲ್ಲ. ಕೈಪಿಡಿಯಲ್ಲಿ ‘ನರ’ವನ್ನು ಮಿದುಳಿನ ಸಂದೇಶ ಒಯ್ಯುವ ತಂತುವಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಇನ್ನು ಬಿಡಿ ಸ್ನಾಯುಗಳ ಹೆಸರು. ಮೇಲ್ತೋಳಿನ ಮುಂಬದಿಯ ಬೈಸೆಪ್ಸ್ ಎಂಬುದಕ್ಕೆ ಎರಡು ತಲೆಯುಳ್ಳದ್ದು ಎಂಬ ಲ್ಯಾಟಿನ್ ಅರ್ಥವನ್ನು ಹಿಡಿದು ‘ದ್ವಿಶಿರ’ ಎಂದೂ, ಹಿಂಬದಿಯ ಟ್ರೈಸೆಪ್ಸ್‌ಗೆ ‘ತ್ರಿಶಿರ’ ಎಂದೂ ಬರೆಯುವುದುಂಟು. ಆ ತಲೆಗಳು ಸ್ನಾಯು ಹುಟ್ಟುವ ಕಡೆಯ ಕವಲುಗಳು. ದೇಹವನ್ನು ಸೀಳಿ ನೋಡಿದವರಿಗೆ ಕಾಣುವಂಥವೇ ಹೊರತು ಡಂಬೆಲ್ ಹಿಡಿದವನಿಗೆ ಕಾಣುವುದಿಲ್ಲ. ಮೇಲಾಗಿ ತೊಡೆಯ ಹಿಂಬದಿಯಲ್ಲಿಯೂ ಎರಡು ತಲೆಯ ಸ್ನಾಯುವೊಂದಿದೆ, ಆದ್ದರಿಂದ ‘ದ್ವಿಶಿರ’ ಎಂದಷ್ಟೇ ಹೇಳಿದರೆ ಯಾವುದು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಇರುವ ಜಾಗವನ್ನು ಹಿಡಿದು ಹೆಸರಿಡೋಣವೆಂದು ಹೊರಟರೆ ಬೇರೊಂದು ಅಡ್ಡಿ: ತೋಳಿನ ಮುಂಬದಿಯದು ಎಂಬ ಅರ್ಥದಲ್ಲಿ ‘ಮುಂದೋಳು’ ಎನ್ನುವಂತಿಲ್ಲ, ಏಕೆಂದರೆ ಆ ಮಾತು ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗಕ್ಕೆ ಆಗಲೇ ಸಂದಿದೆ. ಕೊನೆಗೆ ‘ರಟ್ಟೆ’ಯ ಮೊರೆ ಹೋಗಿ, ‘ರಟ್ಟೆಯ ಮುಂಬದಿ ಸ್ನಾಯು’, ‘ರಟ್ಟೆಯ ಹಿಂಬದಿ ಸ್ನಾಯು’ ಎಂದು ಬರೆದಿದ್ದೇನೆ. ರಟ್ಟೆ ಮುರಿದು ದುಡಿಯುವ ನಮ್ಮ ನುಡಿಗಟ್ಟಿಗೂ ಇದು ಹತ್ತಿರವಾಗಿದೆ ಎಂಬುದು ನನಗೆ ಹಿಡಿಸಿತು.

ಜನರೇ ಇಟ್ಟ ಹೆಸರು ಇರುವ ಕಡೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಉಬ್ಬಿರುವ ‘ಮೀನಖಂಡ’ ಅಂಥದು. ಅದೇ ಉಬ್ಬಿನ ಮುಖ್ಯ ಸ್ನಾಯುವಿಗೆ ಗ್ರೀಕರು ‘ಕಾಲಿನ ಹೊಟ್ಟೆ’ ಎಂಬ ಅರ್ಥದ ಹೆಸರಿಟ್ಟರು. ಮಸಲ್ ಎಂಬ ಮಾತಿನ ಮೂಲವಾದ ಲ್ಯಾಟಿನ್ ಪದಕ್ಕೆ ‘ಪುಟ್ಟ ಇಲಿ’ ಎಂಬ ಅರ್ಥವಿದೆ. ಚರ್ಮದಡಿ ಸರಿದಾಡುವ ಮಾಂಸವನ್ನು ಅವರು ಇಲಿಯಾಗಿ ಕಂಡರೆ ನಮ್ಮವರು ಮೀನಾಗಿ ಕಂಡಿದ್ದಾರೆ. ಆದರೆ ಮೀನಖಂಡದ ಅಡಿಯಲ್ಲಿ ಸೋಲಿಯಸ್ ಎಂಬ ಚಪ್ಪಟೆ ಸ್ನಾಯು ಇದೆ. ನಿಂತು ಹಿಮ್ಮಡಿ ಎತ್ತಿದಾಗ ಎರಡೂ ಕೆಲಸ ಮಾಡುತ್ತವೆ. ಕುಳಿತು ಎತ್ತಿದಾಗ ಮೊಣಕಾಲು ಮಡಿಸಿರುವುದರಿಂದ, ತೊಡೆಯ ಮೂಳೆಯಿಂದ ಹೊರಡುವ ಮೇಲಿನ ಸ್ನಾಯು ಸಡಿಲವಾಗಿ, ಭಾರವು ಹೆಚ್ಚಾಗಿ ಒಳಗಿನದರ ಮೇಲೆ ಬೀಳುತ್ತದೆ. ಈ ವ್ಯತ್ಯಾಸವನ್ನು ಹೇಳಲು ‘ಹೊರ ಮೀನಖಂಡ’, ‘ಒಳ ಮೀನಖಂಡ’ ಎಂದು ಬರೆದಿದ್ದೇನೆ. ‘ಒಳ’ ಎಂದರೆ ಇನ್ನೊಂದು ಕಾಲಿನ ಕಡೆಗಿರುವುದು ಎಂದು ಯಾರಾದರೂ ತಿಳಿದುಕೊಳ್ಳಬಹುದೇ ಎಂಬ ಅಳುಕು ಮಾತ್ರ ಇದೆ.

ಭುಜ ಮತ್ತು ಹೆಗಲಿನ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ, ಅದನ್ನು ನಾವು ಬಿಟ್ಟುಕೊಡುತ್ತಿದ್ದೇವೆ ಎಂದು ನನಗನ್ನಿಸುತ್ತದೆ. ‘ಶೋಲ್ಡರ್’ ಎಂಬ ಒಂದೇ ಮಾತಿನಲ್ಲಿ ಅಡಗಿಹೋಗುವ ಎರಡು ಜಾಗಗಳನ್ನು ನಾವು ಬೇರೆ ಬೇರೆಯಾಗಿ ಹೇಳಬಲ್ಲೆವು. ಹೊರೆ ಕೂರುವ, ಕುತ್ತಿಗೆಗೆ ಸೇರಿದ ಇಳಿಜಾರು ಹೆಗಲು. ತೋಳು ಶುರುವಾಗುವ ಗುಂಡನೆಯ ಭಾಗ ಭುಜ. ಭಾರ ಹಿಡಿದು ಕಿವಿಯ ಕಡೆಗೆ ಎತ್ತುವ ಶ್ರಗ್‌ನಲ್ಲಿ ದುಡಿಯುವುದು ಹೆಗಲಿನ ಟ್ರಪೀಜಿಯಸ್, ತಲೆಯ ಮೇಲೆ ಭಾರವನ್ನು ತಳ್ಳುವಾಗ ಮುಖ್ಯವಾಗಿ ದುಡಿಯುವುದು ಭುಜದ ಡೆಲ್ಟಾಯ್ಡ್. ಸಂಸ್ಕೃತದಲ್ಲಿ ಭುಜವೆಂದರೆ ಇಡೀ ತೋಳು ಎಂಬ ಆಕ್ಷೇಪ ಬರಬಹುದು, ‘ಭುಜ ಕುಣಿಸಿದ’ ಎಂದು ಬರೆಯುವ ರೂಢಿಯನ್ನೂ ಯಾರಾದರೂ ಎತ್ತಿ ತೋರಿಸಬಹುದು. ಹಾಗಿದ್ದರೂ ಈ ಎರಡು ಮಾತುಗಳನ್ನು ಬೇರ್ಪಡಿಸಿ ಬಳಸಿದರೆ ಕಲಿಯುವವರ ಅರ್ಧ ಗೊಂದಲ ಕಳೆಯುತ್ತದೆ ಎಂಬುದು ನನ್ನ ಅನುಭವ.

ಈಗ ಕ್ರಿಯಾಪದ. ವ್ಯಾಯಾಮ ಮಾಡುವವರು ‘ಇವತ್ತು ಬೈಸೆಪ್ಸ್ ಹೊಡೆದೆ’ ಎನ್ನುತ್ತಾರೆ. ‘ಬಸ್ಕಿ ಹೊಡೆ’, ‘ದಂಡ ಹೊಡೆ’ ಎಂಬಲ್ಲಿ ಹೊಡೆಯುವುದು ವ್ಯಾಯಾಮವನ್ನು. ಇಲ್ಲಿ ಅದೇ ಕ್ರಿಯಾಪದ ಸ್ನಾಯುವಿನ ಮೇಲೆ ಬಂದಿರುವುದು ಕುತೂಹಲದ ಬೆಳವಣಿಗೆ, ಆದರೆ ಬರಹದ ಭಾಷೆಗೆ ಅದು ಹೊಂದುವುದಿಲ್ಲ. ‘ಗುರಿಯಾಗಿಸು’ ಎಂದರೆ ದಾಳಿಯ ಧ್ವನಿ ಬರುತ್ತದೆ. ‘ಬಸ್ಕಿಯು ತೊಡೆಯ ಮುಂಬದಿಯನ್ನೂ ಪಿರ್ರೆಯನ್ನೂ ದುಡಿಸುತ್ತದೆ’ ಎಂಬ ವಾಕ್ಯ ನನಗೆ ಸಹಜವಾಗಿ ಕೇಳಿಸುತ್ತದೆ. ‘ದುಡಿಸಿಕೊಳ್ಳು’ ಎಂಬಲ್ಲಿರುವ ಶೋಷಣೆಯ ನೆರಳು ‘ದುಡಿಸು’ವಿನ ಮೇಲೂ ಬೀಳುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಇನ್ನೂ ಕಠಿಣವಾದುದು. ಪಠ್ಯಗಳು ಸ್ನಾಯುವಿನ ಕೆಲಸವನ್ನು ‘ಸಂಕೋಚನ’ ಎನ್ನುತ್ತವೆ, ಎಂದರೆ ಕುಗ್ಗುವುದು. ಡಂಬೆಲನ್ನು ಮೇಲಕ್ಕೆತ್ತುವಾಗ ರಟ್ಟೆಯ ಮುಂಬದಿ ಸ್ನಾಯು ಕುಗ್ಗುತ್ತದೆ, ಅಲ್ಲಿಗೆ ಮಾತು ಸರಿ. ಅದನ್ನು ನಿಧಾನವಾಗಿ ಕೆಳಗಿಳಿಸುವಾಗ ಏನಾಗುತ್ತದೆ? ಕೈ ಚಾಚುತ್ತಿದೆ, ಕೈ ಚಾಚುವ ಸ್ನಾಯು ಹಿಂಬದಿಯದು ಎಂದು ಓದಿಕೊಂಡವರು ಇಳಿಸುವಾಗ ಹಿಂಬದಿಯದು ದುಡಿಯುತ್ತದೆ ಎಂದೇ ಉತ್ತರಿಸುತ್ತಾರೆ. ಅದು ತಪ್ಪು. ಕೈಯನ್ನು ಚಾಚುತ್ತಿರುವುದು ಭಾರವೇ. ಅದು ಧಪ್ಪನೆ ಬೀಳದಂತೆ ತಡೆದು ಇಳಿಸುತ್ತಿರುವುದು ಅದೇ ಮುಂಬದಿ ಸ್ನಾಯು, ಅದೂ ಉದ್ದವಾಗುತ್ತಲೇ. ಮರುದಿನ ಕಾಡುವ ನೋವಿಗೆ ಹೆಚ್ಚಾಗಿ ಕಾರಣವಾಗುವುದು ಈ ಇಳಿಸುವ ಹಂತವೇ ಆಗಿರುವುದರಿಂದ ಇದನ್ನು ಸರಿಯಾಗಿ ಹೇಳಲೇಬೇಕು. ಉದ್ದವಾಗುತ್ತಿರುವುದನ್ನು ‘ಸಂಕೋಚನ’ ಎಂದು ಹೇಗೆ ಬರೆಯುವುದು?

ಆದ್ದರಿಂದ ‘ಬಿಗಿ’ ಎಂಬ ಮಾತನ್ನು ಬುನಾದಿಯಾಗಿ ಹಿಡಿದು ‘ಬಿಗಿದು ಕುಗ್ಗುವುದು’, ‘ಬಿಗಿದು ನಿಲ್ಲುವುದು’, ‘ಬಿಗಿದೇ ನೀಳವಾಗುವುದು’ ಎಂಬ ಮೂರು ಮಾತುಗಳನ್ನು ಕಟ್ಟಿಕೊಂಡಿದ್ದೇನೆ. ಕೆಲಸ ಮಾಡುವ ಸ್ನಾಯು ಮೂರೂ ಸ್ಥಿತಿಗಳಲ್ಲಿ ಬಿಗಿಯುತ್ತದೆ, ಬದಲಾಗುವುದು ಉದ್ದ ಮಾತ್ರ. ಮೊದಲು ‘ಹಿಗ್ಗುವುದು’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಸ್ನಾಯು ಕುಗ್ಗಿದಾಗಲೇ ರಟ್ಟೆ ಉಬ್ಬುತ್ತದೆ ಮತ್ತು ನೋಡುವವರ ಕಣ್ಣಿಗೆ ಅದೇ ಹಿಗ್ಗಿದಂತೆ ಕಾಣುತ್ತದೆ. ‘ಕುಗ್ಗು’ ಎಂಬುದನ್ನೂ ಕೆಲವರು ಸೊರಗುವುದು ಎಂದು ತಿಳಿದಾರು. ಇದಕ್ಕಿಂತ ಉತ್ತಮವಾದ ಮಾತು ಹೊಳೆದವರು ದಯವಿಟ್ಟು ತಿಳಿಸಬೇಕು.

ಜೊತೆಯ ಸ್ನಾಯುಗಳಿಗೂ ಮಾತು ಬೇಕಾಗಿದೆ. ಬೆಂಚ್ ಪ್ರೆಸ್‌ನಲ್ಲಿ ಎದೆಯದು ಮುಖ್ಯ ಕೆಲಸ. ಭುಜದ ಮುಂಬದಿಯೂ ರಟ್ಟೆಯ ಹಿಂಬದಿಯೂ ಕೈಗೂಡಿಸುತ್ತವೆ. ಇವುಗಳನ್ನು ‘ನೆರವಿನ ಸ್ನಾಯು’ ಎಂದೂ, ಡೆಡ್‌ಲಿಫ್ಟ್‌ನಲ್ಲಿ ಬೆನ್ನನ್ನು ನೆಟ್ಟಗೆ ಹಿಡಿದಿಡುವಂಥವನ್ನು ‘ಆನಿಕೆಯ ಸ್ನಾಯು’ ಎಂದೂ ಕರೆದಿದ್ದೇನೆ.

ಕೊನೆಯದಾಗಿ, ಕೈಯ ಹಿಡಿತ. ಬೈಸೆಪ್ಸ್‌ಗೆ ಮೊಣಕೈ ಮಡಿಸುವುದರ ಜೊತೆಗೆ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಕೆಲಸವೂ ಇದೆ. ಅಂಗೈ ಕೆಳಮುಖವಾದರೆ ಅದರ ಪಾಲು ತಗ್ಗಿ, ಮುಂದೋಳಿನ ಸ್ನಾಯುವಿನ ಮತ್ತು ಬೈಸೆಪ್ಸ್‌ನ ಅಡಿಯಲ್ಲಿರುವ ಸ್ನಾಯುವಿನ ಪಾಲು ಹೆಚ್ಚುತ್ತದೆ. ಈ ಎರಡು ಹಿಡಿತಗಳನ್ನು ‘ಅಂಗಾತ ಹಿಡಿತ’, ‘ಬೋರಲು ಹಿಡಿತ’ ಎನ್ನಬಹುದೇ? ಅಂಗಾತ ಮಲಗುವುದು, ಪಾತ್ರೆ ಬೋರಲು ಹಾಕುವುದು ಎಲ್ಲರಿಗೂ ತಿಳಿದಿರುವಂಥದೇ, ಆದರೆ ಅಂಗೈಗೆ ಈ ಮಾತುಗಳನ್ನು ಬಳಸಿದ್ದನ್ನು ನಾನು ಕೇಳಿಲ್ಲ. ನಿಮ್ಮ ಕಡೆಯ ಮಾತಿನಲ್ಲಿ ಅಂಥ ಬಳಕೆ ಇದ್ದರೆ, ಅಥವಾ ‘ಕವುಚಿ’ ಎಂಬುದೇ ಕೈಗೆ ಹೆಚ್ಚು ಒಪ್ಪುತ್ತದೆ ಎಂದು ತೋರಿದರೆ, ಒಂದೊಂದು ವಾಕ್ಯದ ಉದಾಹರಣೆಯೊಂದಿಗೆ ಬರೆಯಬೇಕಾಗಿ ಕೋರುತ್ತೇನೆ.