ಹೆಲ್ಮ್ ಅಪ್‌ಗ್ರೇಡ್ ಆಗ್ತಿಲ್ಲ, 'ಬೇರೆ ಆಪರೇಷನ್ ನಡೀತಿದೆ' ಅಂತೆ. ಯಾವ ಆಪರೇಷನ್ನು?

ರಾತ್ರಿಪಾಳಿ: ಬೆಳಿಗ್ಗೆಯಿಂದ ತಲೆ ಕೆಟ್ಟು ಕೆರ ಹಿಡಿದಿದೆ. ಕುಬರ್ನೆಟೀಸ್ ಕ್ಲಸ್ಟರಿಗೆ ಆ್ಯಪ್ ಹಾಕೋ ಟೂಲ್ ಹೆಲ್ಮ್‌ಗೆ ಅಪ್‌ಗ್ರೇಡ್ ಕೊಟ್ರೆ 'ಅನದರ್ ಆಪರೇಷನ್ ಈಸ್ ಇನ್ ಪ್ರೋಗ್ರೆಸ್' ಅಂತ ಒಂದೇ ರಾಗ. ಯಾರೂ ಏನೂ ಓಡಿಸ್ತಿಲ್ಲ, ಟೀಮಲ್ಲಿ ಎಲ್ಲರನ್ನೂ ಕೇಳಾಯ್ತು. ಹೆಲ್ಮ್ ಲಿಸ್ಟ್‌ನಲ್ಲಿ ರಿಲೀಸೇ (ಹೆಲ್ಮ್ ಹಾಕಿದ ಆ್ಯಪ್) ಇಲ್ಲ, ಹಳೇ ಪಾಡ್‌ಗಳು (ಆ್ಯಪ್ ಓಡೋ ಕಂಟೇನರ್‌ಗಳು) ಮಾತ್ರ ಆರಾಮಾಗಿ ಓಡ್ತಿವೆ! ಬದಲಾಯಿಸಿದ್ದು ಇಮೇಜ್ ಟ್ಯಾಗ್ (ಆ್ಯಪ್‌ನ ವರ್ಷನ್ ನಂಬರು) ಒಂದೇ. ಸಂಜೆ ಡೆಮೊ ಇದೆ.

ಮಂಡ್ಯಹೈದ: ನೇಮ್‌ಸ್ಪೇಸ್ (ಕ್ಲಸ್ಟರಿನೊಳಗಿನ ವಿಭಾಗ) ತಪ್ಪು ಗುರು. ಅದನ್ನ ಹೇಳೋ -ಎನ್ ಹಾಕಿದ್ಯಾ?

ರಾತ್ರಿಪಾಳಿ: ಹಾಕಿದೀನಿ.

ಮಂಡ್ಯಹೈದ: ಹಂಗಾದ್ರೆ ಕಾಂಟೆಕ್ಸ್ಟು, ಅಂದ್ರೆ ಯಾವ ಕ್ಲಸ್ಟರ್ ಅನ್ನೋದೇ ತಪ್ಪು. ಸ್ಟೇಜಿಂಗಲ್ಲಿ ಕೂತು ಪ್ರೊಡಕ್ಷನ್ ಹುಡುಕ್ತಿರ್ತೀಯ. ನಂಗೇ ಎರಡು ಸಲ ಆಗೈತೆ.

ರಾತ್ರಿಪಾಳಿ: ಪಾಡ್ ಕಾಣ್ತಿರೋದೂ ಅದೇ ಕಾಂಟೆಕ್ಸ್ಟಲ್ಲೇ ಅಲ್ವಾ?

ಮಂಡ್ಯಹೈದ: ಆದ್ರೂ ದೊಡ್ಡ ಎ ಹಾಕಿ ಎಲ್ಲಾ ನೇಮ್‌ಸ್ಪೇಸ್ ನೋಡು.

ಹಳೇಟಿಲ್ಲರ್: ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ರಿ, ಎರಡು ನಿಮಿಷದ ಕೆಲಸ. ಹೆಲ್ಮ್ 2ರಲ್ಲಿ ಇಂಥ ಕಾಟ ಇರಲಿಲ್ಲ.

ಶರಾವತಿ: ದಯವಿಟ್ಟು ಹಾಗೆ ಮಾಡ್ಬೇಡಿ. ಚಾರ್ಟ್ (ಹೆಲ್ಮ್ ಪ್ಯಾಕೇಜು) ಟೆಂಪ್ಲೇಟಲ್ಲೇ ಪಿವಿಸಿ (ಡೇಟಾ ಇಡೋ ಡಿಸ್ಕಿನ ಕೋರಿಕೆ) ಇದ್ರೆ ಅದೂ ಹೋಗುತ್ತೆ, ಡೇಟಾನೂ ಹೋಗ್ಬಹುದು. ಮತ್ತೆ ಹೆಲ್ಮ್ 2 ಅಂದ್ರೆ ಕ್ಲಸ್ಟರಲ್ಲೇ ಕೂರ್ತಿದ್ದ ಅದರ ಸರ್ವರ್ ಟಿಲ್ಲರ್‌ಗೆ ಇಡೀ ಕ್ಲಸ್ಟರಿನ ಬೀಗದಕೈ ಕೊಟ್ಟು ಮಲಗೋದು. ಅದು ಬೇರೆ ಜಗಳ, ಬಿಡಿ. ರಾತ್ರಿಪಾಳಿಯವ್ರೇ, ಅಪ್‌ಗ್ರೇಡ್ ಓಡಿಸೋದು ಎಲ್ಲಿಂದ?

ರಾತ್ರಿಪಾಳಿ: ಪೈಪ್‌ಲೈನಿಂದ, ಡಿಪ್ಲಾಯ್ ತಾನಾಗೇ ಮಾಡೋ ಜಾಬು. ನಿನ್ನೆ ರಾತ್ರಿ ಜಾಬು 5 ನಿಮಿಷಕ್ಕೆ ಟೈಮ್‌ಔಟ್ ಆಗಿತ್ತು. ನಮ್ಮಲ್ಲಿ ಅದು ಮಾಮೂಲಿ, ಹೇಳಲಿಲ್ಲ.

ಶರಾವತಿ: ಅದನ್ನೇ ಅಲ್ವಾ ಮಾರಾಯ್ರೆ ಮೊದಲು ಹೇಳ್ಬೇಕಾದ್ದು! ದೊಡ್ಡ ಎ ಅಲ್ಲ, ಚಿಕ್ಕ ಎ ಹಾಕಿ ನೋಡಿ. ಹೆಲ್ಮ್ 3 ಸುಮ್ನೆ ಲಿಸ್ಟ್ ಅಂದ್ರೆ ಡಿಪ್ಲಾಯ್ಡ್, ಫೇಲ್ಡ್ ಎರಡನ್ನೇ ತೋರ್ಸೋದು. ಆಮೇಲೆ ಹೆಲ್ಮ್ ಹಿಸ್ಟರಿ ಹಾಕಿ, ರಿವಿಷನ್‌ಗಳು ಕಾಣ್ತವೆ.

ರಾತ್ರಿಪಾಳಿ:
17 – ಡಿಪ್ಲಾಯ್ಡ್
18 – ಪೆಂಡಿಂಗ್-ಅಪ್‌ಗ್ರೇಡ್, 'ಪ್ರಿಪೇರಿಂಗ್ ಅಪ್‌ಗ್ರೇಡ್'

ಶರಾವತಿ: ಸಿಕ್ತಲ್ಲ. ಪೆಂಡಿಂಗ್ ಅಂತ ಸೀಕ್ರೆಟಲ್ಲಿ (ಕ್ಲಸ್ಟರಲ್ಲಿ ಹೆಲ್ಮ್ ತನ್ನ ಲೆಕ್ಕ ಇಡೋ ಜಾಗ) ಬರೆದಿಟ್ಟ ಹೆಲ್ಮನ್ನ ಜಾಬು ಓಡಿಸೋ ನಿಮ್ಮ ರನ್ನರ್ ಟೈಮ್‌ಔಟಲ್ಲಿ ಅರ್ಧದಲ್ಲೇ ಕೊಂದಿದೆ. ಬರೆದವನೇ ಸತ್ರೆ ಅಳಿಸೋರ್ಯಾರು? 17ಕ್ಕೆ ರೋಲ್‌ಬ್ಯಾಕ್ ಮಾಡಿ.

ಹಳೇಟಿಲ್ಲರ್: --ಅಟಾಮಿಕ್ ಹಾಕಿದ್ರೆ ತಾನೇ ವಾಪಸ್ ಹೋಗ್ತಿತ್ತು.

ಶರಾವತಿ: ಪ್ರೊಸೆಸ್ಸೇ ಸತ್ತ ಮೇಲೆ ವಾಪಸ್ ಕರ್ಕೊಂಡು ಹೋಗೋರು ಯಾರು? ಹೆಲ್ಮಿನ ಟೈಮ್‌ಔಟು ಜಾಬಿಗಿಂತ ಕಮ್ಮಿ ಇರ್ಬೇಕು.

ರಾತ್ರಿಪಾಳಿ: ರೋಲ್‌ಬ್ಯಾಕ್ ಆಯ್ತು, 19. ಮತ್ತೆ ಅಪ್‌ಗ್ರೇಡ್ ಕೊಟ್ಟೆ, ಈಗ ಹೊಸ ಪಾಡು ಇಮೇಜ್‌ಪುಲ್‌ಬ್ಯಾಕ್‌ಆಫ್ (ಇಮೇಜ್ ಇಳಿಸೋಕಾಗ್ತಿಲ್ಲ). 1.1 ಸಿಗ್ತಿಲ್ಲ ಅಂತಿದೆ. ನಾನು ಕೊಟ್ಟಿದ್ದು 1.10!

ಶರಾವತಿ: ಚಾರ್ಟಿನ ಸೆಟ್ಟಿಂಗ್ ಇರೋ ವ್ಯಾಲ್ಯೂಸ್ ಫೈಲಲ್ಲಿ ಟ್ಯಾಗಿಗೆ ಕೋಟ್ಸ್ ಹಾಕಿದೀರಾ?

ರಾತ್ರಿಪಾಳಿ: ಅಯ್ಯೋ. ಇಲ್ಲ. 1.9ರ ತನಕ ನಡೀತಿತ್ತಲ್ಲ.

ಶರಾವತಿ: ಆ ಫೈಲಿನ ಭಾಷೆ ಯಾಮಲ್, ಕೋಟ್ಸ್ ಇಲ್ದಿದ್ರೆ ಅದಕ್ಕೆ ಇದು ದಶಮಾಂಶ. 1.10 ಅಂದ್ರೂ 1.1 ಅಂದ್ರೂ ಒಂದೇ. ನಿನ್ನೆ ಜಾಬು ಕಾಯ್ತಾ ಕೂತಿದ್ದೂ ಈ ಬಾರದ ಇಮೇಜಿಗೇ.

ಮಂಡ್ಯಹೈದ: ಅದಕ್ಕೇ ನಾನು ಟ್ಯಾಗಿಗೆ ಕಮಿಟ್ ಹ್ಯಾಶೇ (ಕೋಡಿನ ಪ್ರತಿ ಬದಲಾವಣೆಯ ಗುರುತು) ಹಾಕೋದು. ಮನೇಲಿ ನಾಲ್ಕು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೇಲೆ ಕೆ3ಎಸ್ ಅನ್ನೋ ಹಗುರ ಕುಬರ್ನೆಟೀಸ್ ಐತೆ, ಫ್ರಿಜ್ ಮೇಲೆ ಇಟ್ಟಿವ್ನಿ, ಒಂದು ದಿನ ಬಿದ್ದಿಲ್ಲ.

ಹಳೇಟಿಲ್ಲರ್: ಕ್ಲಸ್ಟರ್ ಬಿದ್ದಿಲ್ವೋ, ಫ್ರಿಜ್ ಮೇಲಿಂದ ಬಿದ್ದಿಲ್ವೋ?

ರಾತ್ರಿಪಾಳಿ: ಕೋಟ್ಸ್ ಹಾಕ್ದೆ, ಎದ್ದಿತು. ಡೆಮೊಗೆ ಹೊರಟೆ.

ಮಂಡ್ಯಹೈದ: ನೇಮ್‌ಸ್ಪೇಸೂ ಒಂದ್ಸಲ ನೋಡ್ಬಿಡು ಗುರು.