ಪದಚರ್ಚೆ: ಡಿಎನ್ಎ ‘ಹುರಿ’, ಕೋಶದ ‘ಪೊರೆ’ – ಈ ಪದಗಳು ಸರಿಯೇ?

ಎಲ್ಲರಿಗೂ ನಮಸ್ಕಾರ.

ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತವೆ ಅಂತ ನರ್ಸಿಂಗ್ ಓದುವ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ಹುರಿ’. ಇದು ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬಗ್ಗೆ ಬರೆಯುವಾಗ ಎದುರಾಯಿತು. ಇ. ಕೋಲೈ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಅದರೊಳಗಿನ ಡಿಎನ್ಎಯನ್ನು ಬಿಡಿಸಿ ಎಳೆದರೆ ಸುಮಾರು ಒಂದೂವರೆ ಮಿಲಿಮೀಟರ್! ಅಷ್ಟು ಉದ್ದದ್ದು ಒಳಗೆ ಹಿಡಿಯಬೇಕಾದರೆ ತನ್ನನ್ನು ತಾನೇ ಸುತ್ತಿಕೊಂಡು ಮಡಚಿಕೊಂಡಿರಬೇಕು. ನಕಲು ಮಾಡುವಾಗ ಎರಡು ಎಳೆಗಳನ್ನು ಬಿಡಿಸುತ್ತಾ ಹೋದ ಹಾಗೆ ಮುಂದಿನ ಭಾಗದಲ್ಲಿ ಬಿಗಿತ ಏರುತ್ತದೆ. ಅದನ್ನು ಸಡಿಲಿಸುವುದು ಗೈರೇಸ್ ಎಂಬ ಕಿಣ್ವ. 1976ರಲ್ಲಿ ಮಾರ್ಟಿನ್ ಗೆಲರ್ಟ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಗೈರೇಸ್ ಎರಡೂ ಎಳೆಗಳನ್ನು ಕತ್ತರಿಸಿ, ಆ ಸಂದಿಯಲ್ಲಿ ಡಿಎನ್ಎಯ ಇನ್ನೊಂದು ಭಾಗವನ್ನು ದಾಟಿಸಿ, ಮತ್ತೆ ಜೋಡಿಸುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಬಂದು ಕೂರುವುದು ಕತ್ತರಿಸಿದ ಮೇಲೆ, ಜೋಡಿಸುವ ಮೊದಲು. ಕತ್ತರಿಸಿದ್ದು ಹಾಗೇ ಉಳಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಹಾಗಾಗಿ ‘ಗೈರೇಸನ್ನು ತಡೆಯುತ್ತದೆ’ ಅಂತ ಸುಮ್ನೆ ಬರೆದರೆ ಅರ್ಧ ಮಾತ್ರ ಹೇಳಿದಂತೆ.

ಈ ಬಿಗಿತಕ್ಕೆ ‘ಅತಿಸುರುಳೀಕರಣ’ ಅಂತ ಬರೆಯಬಹುದು. ನನಗೆ ಅದು ಒಗ್ಗುತ್ತಿಲ್ಲ. ಸುರುಳಿ ಅಂದಾಗ ಸುತ್ತಿದ ಆಕಾರ ಕಾಣುತ್ತದೆ, ಬಿಗಿತ ಕಾಣುವುದಿಲ್ಲ. ಹಗ್ಗ ಹೊಸೆಯುವಾಗ ಹುರಿ ಅನ್ನುತ್ತೇವೆ. ಹುರಿ ಜಾಸ್ತಿಯಾದರೆ ಹಗ್ಗ ತನ್ನ ಮೇಲೇ ಮುದುಡಿಕೊಳ್ಳುತ್ತದೆ. ಡಿಎನ್ಎಯಲ್ಲಿ ಆಗುವುದೂ ಅದೇ. ‘ಹುರಿ ಏರುತ್ತದೆ’, ‘ಗೈರೇಸ್ ಹುರಿ ಸಡಿಲಿಸುತ್ತದೆ’ ಅಂತ ಬರೆದರೆ ಹೇಗೆ? ಪಠ್ಯದಲ್ಲಿ ನಿಲ್ಲುವ ಪದ ಅಂತ ನನಗನ್ನಿಸುತ್ತದೆ.

ಎರಡನೆಯದು ಗೋಡೆ ಮತ್ತು ಪೊರೆ. ಕೋಶಭಿತ್ತಿ (ಸೆಲ್ ವಾಲ್), ಕೋಶಪೊರೆ (ಸೆಲ್ ಮೆಂಬ್ರೇನ್) ಎರಡನ್ನೂ ಒಂದೇ ಎಂಬಂತೆ ಬರೆಯುವುದುಂಟು. ಔಷಧದ ವಿಷಯದಲ್ಲಿ ಇದು ನಿಜಕ್ಕೂ ಅಪಾಯ. ಪೆನಿಸಿಲಿನ್ ಕೆಡಿಸುವುದು ಗೋಡೆ ಕಟ್ಟುವ ಕೆಲಸವನ್ನು. ನಮ್ಮ ಜೀವಕೋಶಗಳಿಗೆ ಗೋಡೆಯೇ ಇಲ್ಲ, ಹಾಗಾಗಿ ಅವಕ್ಕೆ ಆ ಪೆಟ್ಟು ಬೀಳುವುದಿಲ್ಲ. ಕಾಲಿಸ್ಟಿನ್ ಎಂಬ ಆಂಟಿಬಯಾಟಿಕ್ ಹಾಗಲ್ಲ. ಅದು ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಲಿಪಿಡ್-ಎ ಎಂಬ ಕೊಬ್ಬಿನಂಥ ಅಣುವಿಗೆ ಅಂಟಿಕೊಳ್ಳುತ್ತದೆ. ಪೊರೆಯನ್ನು ಗಟ್ಟಿಯಾಗಿ ಹಿಡಿದಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಅಲ್ಲಿಂದ ತಳ್ಳಿಹಾಕುತ್ತದೆ. ಆಮೇಲೆ ಒಳಪೊರೆಯೂ ಕೆಟ್ಟು, ಕೋಶದೊಳಗಿನದು ಸೋರಿಹೋಗುತ್ತದೆ. ಪೊರೆ ನಮ್ಮ ಜೀವಕೋಶಗಳಿಗೂ ಇದೆ ಅಲ್ವಾ? ಹಾಗಾಗಿ ಕಾಲಿಸ್ಟಿನ್ ಕೊಡುವಾಗ ಮೂತ್ರಪಿಂಡದ ಮೇಲೆ ಕಣ್ಣಿಡಬೇಕು. ಬೇರೆ ಔಷಧ ನಾಟದಿದ್ದಾಗ ಉಳಿಯುವ ಕೆಲವೇ ಔಷಧಗಳಲ್ಲಿ ಇದೂ ಒಂದು. ಅದಕ್ಕಾಗಿಯೇ ಇದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದು ಅಂತ 2019ರಲ್ಲಿ ಭಾರತ ಸರ್ಕಾರ ನಿಷೇಧಿಸಿತು.

‘ಪೊರೆ’ ನನಗೆ ತುಂಬ ಇಷ್ಟದ ಪದ. ಹಾವಿನ ಪೊರೆ, ಕಣ್ಣಿನ ಪೊರೆ ಎಲ್ಲರಿಗೂ ಗೊತ್ತು. ತೆಳುವಾದದ್ದು ಅಂತ ಹೇಳದೆಯೇ ತಿಳಿಯುತ್ತದೆ. ‘ಭಿತ್ತಿ’ಯ ಜಾಗದಲ್ಲಿ ‘ಗೋಡೆ’ ಅಂತಲೇ ಬರೆದರೆ ಎರಡೂ ಕಲೆಸಿಹೋಗುವುದು ತಪ್ಪುತ್ತದೆ ಅನ್ನಿಸುತ್ತದೆ.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ಹಗ್ಗದ ಈ ಬಿಗಿತಕ್ಕೆ ಹುರಿ ಅಂತಲೇ ಅನ್ನುತ್ತಾರಾ, ಬೇರೆ ಪದ ಇದೆಯಾ? ಹುರಿ ಕಡಿಮೆಯಾಗುವುದಕ್ಕೆ ‘ಸಡಿಲು’ ಅಲ್ಲದೆ ಬೇರೆ ಕ್ರಿಯಾಪದ ಬಳಕೆಯಲ್ಲಿದ್ದರೆ ವಾಕ್ಯದ ಸಮೇತ ತಿಳಿಸಿ.